ಆಡ್-ಇನ್ ಜೊತೆಗಿನ ಡಿಎಲ್‌ಎಲ್‌ಗಳನ್ನು ಎಲ್ಲಿಡಬೇಕು: ಬಾಯ್ಲರ್ ಶೀಟ್ ರಿಪೇರಿಯ ಟಿಪ್ಪಣಿ

ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುಂಚೆ ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ಬದಲಿಸಿದರು. ಹಳೆಯವುಗಳಲ್ಲಿ 32 ಬಿಟ್ ಎಕ್ಸೆಲ್ ಇತ್ತು, ಹೊಸವುಗಳಲ್ಲಿ 64 ಬಿಟ್. ಬಾಯ್ಲರ್ ಮತ್ತು ಟರ್ಬೈನಿನ ದಿನದ ಲೆಕ್ಕ ಹಾಕುವ ಶೀಟನ್ನು ಹೊಸ ಯಂತ್ರದಲ್ಲಿ ತೆರೆದರೆ, ಸಂಖ್ಯೆ ಬರಬೇಕಾದ ಕಡೆಯೆಲ್ಲ ‘#ವ್ಯಾಲ್ಯೂ!’. ಶೀಟ್ ಕೆಟ್ಟಿರಲಿಲ್ಲ. ಅದರ ಹಿಂದಿರುವ ಆಡ್-ಇನ್‌ಗೆ (ಎಕ್ಸೆಲ್‌ಗೆ ಹೊಸ ಫಂಕ್ಷನ್ ಸೇರಿಸುವ ಫೈಲ್) ತನ್ನ ಜೊತೆಗಿನ ಡಿಎಲ್‌ಎಲ್‌ಗಳು, ಅಂದರೆ ಬೇರೆ ಪ್ರೋಗ್ರಾಮುಗಳು ಕರೆದು ಬಳಸುವ ಕೋಡ್ ಇರುವ ಫೈಲುಗಳು, ಸಿಗುತ್ತಿರಲಿಲ್ಲ. ಆ ಫೈಲುಗಳನ್ನು ಎಲ್ಲಿಡಬೇಕು, ಯಾಕೆ ಅಲ್ಲೇ ಇಡಬೇಕು ಅನ್ನುವುದನ್ನು ರಿಪೇರಿ ಮಾಡುತ್ತಲೇ ಬರೆದಿಟ್ಟುಕೊಂಡೆ. ಸ್ವಂತ ಡಿಎಲ್‌ಎಲ್ ಬಳಸುವ ಯಾವ ಆಡ್-ಇನ್‌ಗಾದರೂ ಇದೇ ಮಾತು ಅನ್ವಯಿಸುತ್ತದೆ.

ಶೀಟಿನಲ್ಲಿ ಎಂಜಿನಿಯರುಗಳು ಒತ್ತಡ ಮತ್ತು ಉಷ್ಣತೆ ತುಂಬುತ್ತಾರೆ. ಅದರಿಂದ ಸ್ಟೀಮಿನ ಎಂಥಾಲ್ಪಿ (ಅದರಲ್ಲಿರುವ ಶಾಖಶಕ್ತಿಯ ಅಳತೆ), ಎಂಟ್ರೊಪಿ, ಸಾಂದ್ರತೆ ಬರಬೇಕು. ಹಿಂದೆ ಸ್ಟೀಮ್ ಟೇಬಲ್ ಪುಸ್ತಕ ತೆಗೆದು, ಎರಡು ಸಾಲುಗಳ ನಡುವಿನ ಬೆಲೆಯನ್ನು ಕ್ಯಾಲ್ಕುಲೇಟರಿನಲ್ಲಿ ತೆಗೆಯುತ್ತಿದ್ದರು. ಈಗ ನೀರು ಮತ್ತು ಸ್ಟೀಮಿನ ಗುಣಗಳ ಅಂತರರಾಷ್ಟ್ರೀಯ ಸಂಸ್ಥೆ ಐಎಪಿಡಬ್ಲ್ಯೂಎಸ್ 1997ರಲ್ಲಿ ಒಪ್ಪಿದ ಸೂತ್ರಗಳಿವೆ, ಐಎಫ್97 ಅಂತಲೇ ಎಲ್ಲರೂ ಕರೆಯುತ್ತಾರೆ. ನೀರು ಮತ್ತು ಸ್ಟೀಮಿನ ಇಡೀ ವ್ಯಾಪ್ತಿಯನ್ನು ಅದರಲ್ಲಿ 5 ಪ್ರದೇಶಗಳಾಗಿ ಒಡೆದಿದ್ದಾರೆ. ಮೊದಲ ಪ್ರದೇಶದ ಸೂತ್ರವೊಂದರಲ್ಲೇ 34 ಪದಗಳಿವೆ. ಒಂದು ತಿಂಗಳ ಗಂಟೆಗಂಟೆಯ ರೀಡಿಂಗ್‌ಗೆ ಇದನ್ನು ಎಕ್ಸೆಲ್ ಒಳಗಿನ ಮ್ಯಾಕ್ರೋ ಭಾಷೆಯಾದ ವಿಬಿಎಯಲ್ಲೇ ಓಡಿಸಿದರೆ ಶೀಟ್ ತುಂಬ ನಿಧಾನವಾಗುತ್ತದೆ. ಅದಕ್ಕೆ ಲೆಕ್ಕದ ಭಾಗವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಡಿಎಲ್‌ಎಲ್ ಮಾಡಿಟ್ಟಿದ್ದೇವೆ. ವಿಬಿಎ ಮಾಡುವುದು ಇಷ್ಟೇ: ಸೆಲ್‌ನಿಂದ ಸಂಖ್ಯೆ ತೆಗೆದು ಡಿಎಲ್‌ಎಲ್‌ಗೆ ಕೊಡುತ್ತದೆ, ಬಂದ ಉತ್ತರವನ್ನು ವಾಪಸ್ ಸೆಲ್‌ನಲ್ಲಿ ಇಡುತ್ತದೆ.

ಹಾಗಾಗಿ ಆಡ್-ಇನ್ ಅಂದರೆ ಒಂದೇ ಫೈಲ್ ಅಲ್ಲ. ಎಕ್ಸೆಲ್‌ಗೆ ಗೊತ್ತಿರುವುದು ವಿಬಿಎ ಕೋಡ್ ಇರುವ ಎಕ್ಸ್‌ಎಲ್‌ಎಎಂ ಫೈಲ್ ಒಂದೇ. ಅದರ ಜೊತೆ ನಮ್ಮ ಲೆಕ್ಕದ ಡಿಎಲ್‌ಎಲ್ ಬೇಕು. ಅದನ್ನು ಮಿಂಗ್‌ಡಬ್ಲ್ಯೂ ಕಂಪೈಲರಿನಲ್ಲಿ ಮಾಡಿದ್ದರಿಂದ ಅದಕ್ಕೆ ಮತ್ತೆ ಮೂರು ರನ್‌ಟೈಮ್ ಫೈಲುಗಳು ಬೇಕು: ಲಿಬ್‌ಎಸ್‌ಟಿಡಿಸಿ++-6, ಲಿಬ್‌ಜಿಸಿಸಿ, ಲಿಬ್‌ವಿನ್‌ಪಿಥ್ರೆಡ್-1. ಇವಲ್ಲದೆ ಫ್ಲೋ ಮೀಟರಿನ ಲಾಗರ್ ಓದಲು ಮೀಟರ್ ಕಂಪನಿಯವರು ಕೊಟ್ಟ ಇನ್ನೊಂದು ಡಿಎಲ್‌ಎಲ್ ಇದೆ. ಅದರ ಸೋರ್ಸ್ ನಮ್ಮ ಹತ್ತಿರ ಇಲ್ಲ.

64 ಬಿಟ್‌ನ ಕೆಲಸ ಮೊದಲು ಮುಗಿಸಿದೆ. 64 ಬಿಟ್ ಎಕ್ಸೆಲ್ ಒಳಗೆ 32 ಬಿಟ್ ಡಿಎಲ್‌ಎಲ್ ಯಾವ ಉಪಾಯ ಮಾಡಿದರೂ ಲೋಡ್ ಆಗುವುದಿಲ್ಲ. ಡಿಎಲ್‌ಎಲ್ ಅನ್ನು 64 ಬಿಟ್‌ಗೆ ಮತ್ತೆ ಬಿಲ್ಡ್ ಮಾಡಿದೆ. ವಿಬಿಎಯಲ್ಲಿ ಯಾವ ಫಂಕ್ಷನ್ ಯಾವ ಡಿಎಲ್‌ಎಲ್‌ನಲ್ಲಿದೆ ಎಂದು ಹೇಳುವ ಪ್ರತಿ ಡಿಕ್ಲೇರ್ ಸಾಲಿಗೂ ‘ಪಿಟಿಆರ್‌ಸೇಫ್’ ಸೇರಿಸಿದೆ, ಹ್ಯಾಂಡಲ್ (ವಿಂಡೋಸ್ ಕೊಡುವ ಗುರುತಿನ ಸಂಖ್ಯೆ) ಇರುವ ಕಡೆ ‘ಲಾಂಗ್’ ತೆಗೆದು ‘ಲಾಂಗ್‌ಪಿಟಿಆರ್’ ಮಾಡಿದೆ. ಇವೆರಡೂ ಆಫೀಸ್ 2010ರಿಂದ ಇವೆ. ಮೀಟರ್ ಕಂಪನಿಯಿಂದ 64 ಬಿಟ್ ಲೈಬ್ರರಿಯೂ ಸಿಕ್ಕಿತು. ಇಷ್ಟಾದರೂ ಸೆಲ್‌ನಲ್ಲಿ ಅದೇ ‘#ವ್ಯಾಲ್ಯೂ!’.

ತಪ್ಪು ಏನೆಂದು ಸೆಲ್ ಹೇಳುವುದಿಲ್ಲ. ವರ್ಕ್‌ಶೀಟ್‌ನಿಂದ ಕರೆದ ಫಂಕ್ಷನ್‌ನಲ್ಲಿ ಎರರ್ ಬಂದರೆ ಎಕ್ಸೆಲ್ ಸುಮ್ನೆ ‘#ವ್ಯಾಲ್ಯೂ!’ ತೋರಿಸಿ ಮುಂದೆ ಹೋಗುತ್ತದೆ, ಸಂದೇಶದ ಪೆಟ್ಟಿಗೆ ಬರುವುದೇ ಇಲ್ಲ. ಹೀಗಾಗಿ ಆಲ್ಟ್ ಎಫ್11 ಒತ್ತಿ ವಿಬಿಎ ಎಡಿಟರಿಗೆ ಹೋಗಬೇಕು, ಕಂಟ್ರೋಲ್ ಜಿ ಒತ್ತಿ ಇಮೀಡಿಯೇಟ್ ವಿಂಡೋ ತೆಗೆಯಬೇಕು, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅದೇ ಫಂಕ್ಷನ್ ಕರೆಯಬೇಕು. ಆಗ ಬಾಯಿ ಬಿಡುತ್ತದೆ: ರನ್‌ಟೈಮ್ ಎರರ್ 53, ಫೈಲ್ ನಾಟ್ ಫೌಂಡ್, ಮುಂದೆ ನಮ್ಮ ಡಿಎಲ್‌ಎಲ್ ಹೆಸರು.

ಆದರೆ ಡಿಎಲ್‌ಎಲ್ ಎಕ್ಸ್‌ಎಲ್‌ಎಎಂ ಪಕ್ಕದಲ್ಲೇ ಇತ್ತು. ಕಣ್ಣ ಮುಂದೆ ಕಾಣುವ ಫೈಲನ್ನು ‘ಇಲ್ಲ’ ಅನ್ನುತ್ತಿದೆಯಲ್ಲ ಎಂದು ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ವಿಂಡೋಸ್ ಹುಡುಕುವ ದಾರಿ

ಡಿಕ್ಲೇರ್ ಸಾಲಿನಲ್ಲಿ ಬರೀ ಫೈಲ್ ಹೆಸರು ಬರೆದರೆ ವಿಂಡೋಸ್ ಅದನ್ನು ಹುಡುಕಲು ಒಂದು ಕ್ರಮ ಇಟ್ಟುಕೊಂಡಿದೆ. ಆ ಹೆಸರಿನ ಡಿಎಲ್‌ಎಲ್ ಇದೇ ಪ್ರೋಗ್ರಾಮಿನಲ್ಲಿ ಆಗಲೇ ಲೋಡ್ ಆಗಿದ್ದರೆ ಅದನ್ನೇ ಕೊಡುತ್ತದೆ. ಇಲ್ಲದಿದ್ದರೆ ಮೊದಲು ಪ್ರೋಗ್ರಾಮ್ ಇರುವ ಫೋಲ್ಡರ್. ಆಮೇಲೆ ಸಿಸ್ಟಂ32, ಹಳೆಯ 16 ಬಿಟ್ ಕಾಲದ ಸಿಸ್ಟಂ ಫೋಲ್ಡರ್, ವಿಂಡೋಸ್ ಫೋಲ್ಡರ್. ಅದಾದ ಮೇಲೆ ಕರೆಂಟ್ ಫೋಲ್ಡರ್, ಅಂದರೆ ಪ್ರೋಗ್ರಾಮ್ ಆ ಕ್ಷಣ ಕೆಲಸ ಮಾಡುತ್ತಿರುವ ಫೋಲ್ಡರ್. ಕೊನೆಗೆ ವಿಂಡೋಸ್ ಇಟ್ಟುಕೊಂಡಿರುವ ಫೋಲ್ಡರ್ ಪಟ್ಟಿ, ಅಂದರೆ ಪಾತ್ ವೇರಿಯಬಲ್‌ನಲ್ಲಿ ಬರೆದಿರುವ ಫೋಲ್ಡರುಗಳು.

ಇಲ್ಲಿ ‘ಪ್ರೋಗ್ರಾಮ್’ ಅಂದರೆ ಎಕ್ಸೆಲ್, ನಮ್ಮ ಆಡ್-ಇನ್ ಅಲ್ಲ. ಆಡ್-ಇನ್ ಎಲ್ಲಿದೆ ಅನ್ನುವುದು ಈ ಹುಡುಕಾಟದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎಕ್ಸ್‌ಎಲ್‌ಎಎಂ ಪಕ್ಕದಲ್ಲಿ ಇಟ್ಟರೆ ತಾನೇ ಸಿಗುತ್ತದೆ ಅಂತ ಅನ್ನಿಸುವುದು ಸಹಜ, ಆದರೆ ವಿಂಡೋಸ್ ಅಲ್ಲಿ ನೋಡುವುದೇ ಇಲ್ಲ. ಆಡ್-ಇನ್ ಎಕ್ಸೆಲ್ ಮನೆಗೆ ಬಂದ ನೆಂಟ, ಅದರ ಚೀಲ ಎಲ್ಲಿದೆ ಅಂತ ಅದೇ ಹೇಳಬೇಕು.

ಇದನ್ನು ಕಣ್ಣಾರೆ ನೋಡಲು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಒಂದಾದ ಪ್ರಾಸೆಸ್ ಮಾನಿಟರ್ ಬಳಸಿದೆ. ಉಚಿತ, ಇನ್‌ಸ್ಟಾಲ್ ಮಾಡುವುದೂ ಬೇಡ. ಫಿಲ್ಟರ್ ಹಾಕದೆ ಓಡಿಸಿದರೆ ನಿಮಿಷದೊಳಗೆ ಲಕ್ಷಗಟ್ಟಲೆ ಸಾಲು ಬೀಳುತ್ತವೆ. ಹಾಗಾಗಿ ಪ್ರಾಸೆಸ್ ಹೆಸರು ಎಕ್ಸೆಲ್, ಪಾತ್‌ನ ಕೊನೆ ಡಿಎಲ್‌ಎಲ್ ಎಂದು ಎರಡು ಫಿಲ್ಟರ್ ಹಾಕಿ, ಇಮೀಡಿಯೇಟ್ ವಿಂಡೋದಲ್ಲಿ ಫಂಕ್ಷನ್ ಕರೆದೆ. ಪರದೆಯ ಮೇಲೆ ಸಾಲಾಗಿ ಬಂತು. ಪ್ರೋಗ್ರಾಂ ಫೈಲ್ಸ್, ಮೈಕ್ರೋಸಾಫ್ಟ್ ಆಫೀಸ್, ರೂಟ್, ಆಫೀಸ್16: ‘ನೇಮ್ ನಾಟ್ ಫೌಂಡ್’. ಸಿಸ್ಟಂ32: ‘ನೇಮ್ ನಾಟ್ ಫೌಂಡ್’. ವಿಂಡೋಸ್: ಅದೇ. ಡಾಕ್ಯುಮೆಂಟ್ಸ್: ಅದೇ. ಆಮೇಲೆ ಪಾತ್‌ನಲ್ಲಿದ್ದ ಒಂದೊಂದೇ ಫೋಲ್ಡರ್, ಪ್ರಿಂಟರ್ ಸಾಫ್ಟ್‌ವೇರಿನದ್ದು ಕೂಡ. ಎಕ್ಸ್‌ಎಲ್‌ಎಎಂ ಇದ್ದ ಫೋಲ್ಡರಿನ ಹೆಸರು ಆ ಸಾಲುಗಳಲ್ಲಿ ಒಂದರಲ್ಲೂ ಇರಲಿಲ್ಲ. ಈ ಒಂದು ನೋಟದಿಂದ ಅರ್ಧ ಕೆಲಸ ಮುಗಿದಂತೆ, ಊಹೆ ಮಾಡುತ್ತಾ ಕೂರಬೇಕಾಗಿಲ್ಲ.

ಇಡಬಾರದ ಜಾಗಗಳು

ಈ ಕ್ರಮ ನೋಡಿದ ತಕ್ಷಣ ಯಾರಿಗಾದರೂ ಹೊಳೆಯುವುದು ಸಿಸ್ಟಂ32. ಅಲ್ಲಿ ಹಾಕಿಬಿಟ್ಟರೆ ಎಲ್ಲರಿಗೂ ಸಿಗುತ್ತದಲ್ಲ? ಸಿಗುತ್ತದೆ, ಆದರೆ ಬೇಡ. ಲಿಬ್‌ಎಸ್‌ಟಿಡಿಸಿ++ ಥರದ ಹೆಸರಿನ ಫೈಲುಗಳನ್ನು ಎಷ್ಟೋ ಸಾಫ್ಟ್‌ವೇರುಗಳು ಬಳಸುತ್ತವೆ, ಒಂದೊಂದರದು ಒಂದೊಂದು ಆವೃತ್ತಿ. ನಾವು ಸಿಸ್ಟಂ32ರಲ್ಲಿ ನಮ್ಮದನ್ನು ಇಟ್ಟರೆ ಇನ್ಯಾವುದೋ ಪ್ರೋಗ್ರಾಮ್ ಅದನ್ನು ಎತ್ತಿಕೊಂಡು ಬೀಳಬಹುದು. ಯಾಕೆ ಬಿತ್ತು ಅಂತ ಆ ಪ್ರೋಗ್ರಾಮ್ ಬಳಸುವವರಿಗೆ ಎಂದೂ ಗೊತ್ತಾಗುವುದಿಲ್ಲ. ನಮ್ಮ ಅನುಕೂಲಕ್ಕೆ ಇನ್ನೊಬ್ಬರ ಕೆಲಸ ಕೆಡಿಸುವ ಜಾಗ ಅದು.

ಇನ್ನೊಂದು ತೊಡಕೂ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು, ಸಿಸ್‌ವಾವ್64 ಫೋಲ್ಡರಿನಲ್ಲಿ ಇರುವುದು 32 ಬಿಟ್ ಫೈಲುಗಳು. ಹೆಸರಿಗೂ ಒಳಗಿರುವುದಕ್ಕೂ ತಿರುಗಾ ಮುರುಗಾ. 32 ಬಿಟ್ ಎಕ್ಸೆಲ್ ಸಿಸ್ಟಂ32 ಕೇಳಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ತಿರುಗಿಸುತ್ತದೆ. ಹಾಗಾಗಿ ಎಕ್ಸ್‌ಪ್ಲೋರರಿನಲ್ಲಿ ಸಿಸ್ಟಂ32ಗೆ ಕಾಪಿ ಮಾಡಿದ 32 ಬಿಟ್ ಫೈಲ್ 32 ಬಿಟ್ ಎಕ್ಸೆಲ್‌ಗೆ ಕಾಣುವುದೇ ಇಲ್ಲ. ಕಾರ್ಖಾನೆಯ ತೂಕದ ಕಚೇರಿಯಲ್ಲಿ ಇನ್ನೂ ಒಂದು ಹಳೆಯ ಯಂತ್ರ 32 ಬಿಟ್ ಎಕ್ಸೆಲ್ ಓಡಿಸುತ್ತಿದೆ. ಅಲ್ಲಿಯೂ ಆಡ್-ಇನ್ ಬೇಕಿದ್ದರಿಂದ ಈ ಮಾತು ನಮಗೆ ಬರೀ ಪಾಠವಲ್ಲ.

ಎಕ್ಸೆಲ್ ಇರುವ ಆಫೀಸ್16 ಫೋಲ್ಡರಿನಲ್ಲೇ ಇಟ್ಟರೆ? ಹುಡುಕಾಟದಲ್ಲಿ ಅದೇ ಮೊದಲು, ಹಾಗಾಗಿ ಖಂಡಿತ ಸಿಗುತ್ತದೆ. ಆದರೆ ಅದು ಆಫೀಸ್‌ನ ಸ್ವಂತ ಜಾಗ. ಬರೆಯಲು ಅಡ್ಮಿನ್ ಹಕ್ಕು ಬೇಕು, ಇನ್‌ಸ್ಟಾಲ್ ಮಾಡಿದ ರೀತಿಯ ಮೇಲೆ ವಿಳಾಸವೂ ಬದಲಾಗುತ್ತದೆ. ಕೆಲವು ಕಡೆ ‘ರೂಟ್’ ಒಳಗೆ ಆಫೀಸ್16, ಕೆಲವು ಕಡೆ ನೇರವಾಗಿ. ಆಫೀಸ್ ತೆಗೆದು ಮತ್ತೆ ಹಾಕಿದಾಗ ನಮ್ಮ ಫೈಲುಗಳ ಗತಿ ಏನು ಅಂತ ಯಾರೂ ಭರವಸೆ ಕೊಡುವುದಿಲ್ಲ.

ಪಾತ್ ವೇರಿಯಬಲ್‌ಗೆ ನಮ್ಮ ಫೋಲ್ಡರ್ ಸೇರಿಸುವುದು ಸಜ್ಜನರ ದಾರಿ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದು ಸಾಲಿನ ಕಟ್ಟಕಡೆಯ ಜಾಗ. ನಮ್ಮ ಫೋಲ್ಡರಿಗಿಂತ ಮುಂಚೆ ಬೇರೆ ಸಾಫ್ಟ್‌ವೇರಿನ ಫೋಲ್ಡರ್ ಇದ್ದು, ಅದರಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಸಿಗುವುದು ಅದು. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಹೀಗೇ ಆಗಿತ್ತು: ಉಪಕರಣವೊಂದರ ಸಾಫ್ಟ್‌ವೇರ್ ತನ್ನ ಹಳೆಯ ಲಿಬ್‌ಎಸ್‌ಟಿಡಿಸಿ++ ಅನ್ನು ಪಾತ್‌ನಲ್ಲಿ ಮುಂದೆ ಕೂರಿಸಿತ್ತು. ಫೈಲ್ ಸಿಕ್ಕಿತು, ಆದರೆ ಅದರೊಳಗೆ ನಮಗೆ ಬೇಕಾದ ಫಂಕ್ಷನ್ ಇರಲಿಲ್ಲ. ‘ಇಲ್ಲ’ ಅನ್ನುವ ಎರರ್‌ಗಿಂತ ತಪ್ಪು ಫೈಲ್ ಸಿಗುವುದು ಜಾಸ್ತಿ ಕಾಟ. ಇನ್ನೊಂದು: ಪಾತ್ ಬದಲಿಸಿದರೆ ಆಗಲೇ ತೆರೆದಿರುವ ಎಕ್ಸೆಲ್‌ಗೆ ಗೊತ್ತಾಗುವುದಿಲ್ಲ, ಮುಚ್ಚಿ ತೆರೆಯಬೇಕು.

ಎಕ್ಸ್‌ಎಲ್‌ಸ್ಟಾರ್ಟ್ ಫೋಲ್ಡರಿಗೆ ಡಿಎಲ್‌ಎಲ್ ಹಾಕುವವರೂ ಇದ್ದಾರೆ. ಆ ಫೋಲ್ಡರ್ ಇರುವುದು ಎಕ್ಸೆಲ್ ಶುರುವಾದಾಗ ತಾನೇ ತೆರೆಯಬೇಕಾದ ಫೈಲುಗಳಿಗೆ. ಡಿಎಲ್‌ಎಲ್‌ಗೆ ಅಲ್ಲಿ ಕೆಲಸವಿಲ್ಲ.

ಕರೆಂಟ್ ಫೋಲ್ಡರಿನ ಉಪಾಯ ತುಂಬ ಹಳೆಯದು. ಕರೆಯುವ ಮೊದಲು ಸಿಎಚ್‌ಡ್ರೈವ್, ಸಿಎಚ್‌ಡಿರ್ ಹಾಕಿ ಆಡ್-ಇನ್ ಫೋಲ್ಡರಿಗೆ ಹೋಗುವುದು. ನಮ್ಮ ಹಳೆಯ ಕೋಡ್‌ನಲ್ಲಿ ಇದ್ದದ್ದು ಇದೇ. ಆದರೆ ಸಿಎಚ್‌ಡ್ರೈವ್‌ಗೆ ಡ್ರೈವ್ ಅಕ್ಷರ ಬೇಕು, ಸರ್ವರ್ ಹೆಸರಿನಿಂದ ಶುರುವಾಗುವ ನೆಟ್‌ವರ್ಕ್ ವಿಳಾಸಕ್ಕೆ ಅದು ಹೊಂದುವುದಿಲ್ಲ. ಬಳಸುವವರು ಓಪನ್ ಡೈಲಾಗಿನಲ್ಲಿ ಬೇರೆ ಫೋಲ್ಡರಿಗೆ ಹೋದರೂ ಕರೆಂಟ್ ಫೋಲ್ಡರ್ ಬದಲಾಗುತ್ತದೆ. ಭದ್ರತೆಯ ಪ್ರಶ್ನೆಯೂ ಇದೆ. ಕರೆಂಟ್ ಫೋಲ್ಡರಿನಿಂದ ಡಿಎಲ್‌ಎಲ್ ಎತ್ತಿಕೊಳ್ಳುವುದನ್ನೇ ಬಳಸಿ ಕೆಟ್ಟ ಡಿಎಲ್‌ಎಲ್ ನುಗ್ಗಿಸಬಹುದು ಎಂದು ಮೈಕ್ರೋಸಾಫ್ಟ್ 2010ರ ಆಗಸ್ಟ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ಈ ದಾರಿಯನ್ನು ಮುಚ್ಚಲು ಅಡ್ಮಿನ್‌ಗಳಿಗೆ ರಿಜಿಸ್ಟ್ರಿ ಸೆಟ್ಟಿಂಗ್ ಕೂಡ ಕೊಟ್ಟಿತು. ಯಾರಾದರೂ ಅದನ್ನು ಹಾಕಿದ್ದರೆ ಸಿಎಚ್‌ಡಿರ್ ಮಾಡಿ ಪ್ರಯೋಜನವಿಲ್ಲ.

ಸರಿಯಾದ ಜಾಗ, ಸರಿಯಾದ ಕರೆ

ನಾನು ನಂಬುವ ದಾರಿ ಒಂದೇ. ಎಲ್ಲ ಫೈಲುಗಳೂ ಒಂದೇ ಫೋಲ್ಡರಿನಲ್ಲಿ, ಎಕ್ಸ್‌ಎಲ್‌ಎಎಂ ಪಕ್ಕದಲ್ಲಿ. ಆಮೇಲೆ ಆಡ್-ಇನ್ ತಾನೇ ಪೂರ್ತಿ ವಿಳಾಸ ಕೊಟ್ಟು ಅವುಗಳನ್ನು ಲೋಡ್ ಮಾಡಬೇಕು.

ಪೂರ್ತಿ ವಿಳಾಸವನ್ನು ಡಿಕ್ಲೇರ್ ಸಾಲಿನಲ್ಲೇ ಬರೆಯಬಹುದಲ್ಲ ಅಂದರೆ, ಅಲ್ಲಿ ‘ಲಿಬ್’ ಆದ ಮೇಲೆ ಬರುವುದು ಬರೆದಿಟ್ಟ ಅಕ್ಷರವೇ ಆಗಿರಬೇಕು, ವೇರಿಯಬಲ್ ಹಾಕುವಂತಿಲ್ಲ. ಒಬ್ಬೊಬ್ಬರ ಯಂತ್ರದಲ್ಲಿ ಯೂಸರ್ ಹೆಸರು ಬೇರೆ, ವಿಳಾಸವೂ ಬೇರೆ. ಅದಕ್ಕೆ ಡಿಕ್ಲೇರ್‌ನಲ್ಲಿ ಬರೀ ಫೈಲ್ ಹೆಸರು ಬಿಟ್ಟೆ. ಎಕ್ಸ್‌ಎಲ್‌ಎಎಂನ ‘ವರ್ಕ್‌ಬುಕ್ ಓಪನ್’ ಈವೆಂಟಿನಲ್ಲಿ ಡಿಎಲ್‌ಎಲ್ ಲೋಡ್ ಮಾಡುವ, ವಿಂಡೋಸ್‌ನ ಕರ್ನಲ್32ರ ಲೋಡ್‌ಲೈಬ್ರರಿಇಎಕ್ಸ್ ಫಂಕ್ಷನ್ ಕರೆದೆ. ಅದಕ್ಕೆ ‘ಥಿಸ್‌ವರ್ಕ್‌ಬುಕ್ ಡಾಟ್ ಪಾತ್’ (ಎಕ್ಸ್‌ಎಲ್‌ಎಎಂ ಇರುವ ಫೋಲ್ಡರಿನ ವಿಳಾಸ) ಮುಂದೆ ಡಿಎಲ್‌ಎಲ್ ಹೆಸರು ಸೇರಿಸಿ ಕೊಟ್ಟೆ. ಹೀಗೆ ಒಮ್ಮೆ ಲೋಡ್ ಆದ ಮೇಲೆ, ಸೆಲ್‌ನಿಂದ ಫಂಕ್ಷನ್ ಕರೆದಾಗ ವಿಂಡೋಸ್ ಹುಡುಕಲು ಹೋಗುವುದೇ ಇಲ್ಲ. ಆ ಹೆಸರಿನದು ಮೆಮೊರಿಯಲ್ಲಿ ಇದೆ, ಅದನ್ನೇ ಕೊಡುತ್ತದೆ.

ಇಲ್ಲಿ ಒಂದು ಸಣ್ಣ ಅಂಶ ಎಲ್ಲವನ್ನೂ ನಿರ್ಧರಿಸುತ್ತದೆ. ಹೇಗೆ ಲೋಡ್ ಮಾಡಬೇಕು ಎಂದು ಈ ಫಂಕ್ಷನ್‌ಗೆ ಹೇಳುವ ಸಂಖ್ಯೆ, ಅಂದರೆ ಫ್ಲ್ಯಾಗ್ ಜಾಗದಲ್ಲಿ ಸೊನ್ನೆ ಕೊಟ್ಟರೆ ನಮ್ಮ ಡಿಎಲ್‌ಎಲ್ ಸಿಗುತ್ತದೆ, ಅದಕ್ಕೆ ಬೇಕಾದ ಮೂರು ರನ್‌ಟೈಮ್ ಫೈಲುಗಳು ಸಿಗುವುದಿಲ್ಲ. ಯಾಕೆಂದರೆ ಪೂರ್ತಿ ವಿಳಾಸ ಕೊಟ್ಟದ್ದು ಮುಖ್ಯ ಫೈಲಿಗೆ ಮಾತ್ರ. ಅದರ ಜೊತೆಯವನ್ನು ವಿಂಡೋಸ್ ಮತ್ತೆ ಎಕ್ಸೆಲ್ ಫೋಲ್ಡರಿನಿಂದಲೇ ಹುಡುಕಲು ಶುರು ಮಾಡುತ್ತದೆ. ಫ್ಲ್ಯಾಗ್ 8 ಕೊಟ್ಟರೆ ಕ್ರಮ ಬದಲಾಗುತ್ತದೆ: ಎಕ್ಸೆಲ್ ಫೋಲ್ಡರಿನ ಬದಲು ನಾವು ಕೊಟ್ಟ ಡಿಎಲ್‌ಎಲ್ ಇರುವ ಫೋಲ್ಡರಿನಲ್ಲಿ ಮೊದಲು ನೋಡುತ್ತದೆ. ವಿಳಾಸ ಪೂರ್ತಿಯಾಗಿರಬೇಕು, ಹಿಮ್ಮುಖ ಗೆರೆಗಳಲ್ಲೇ (ಬ್ಯಾಕ್‌ಸ್ಲ್ಯಾಶ್) ಇರಬೇಕು. ಫ್ಲ್ಯಾಗ್ ಬದಲಿಸಿ ಪ್ರಾಸೆಸ್ ಮಾನಿಟರ್ ಮತ್ತೆ ನೋಡಿದೆ. ಲಿಬ್‌ಎಸ್‌ಟಿಡಿಸಿ++ ಸಾಲಿನಲ್ಲಿ ಮೊದಲ ಬಾರಿಗೆ ನಮ್ಮ ಫೋಲ್ಡರಿನ ಹೆಸರು, ಪಕ್ಕದಲ್ಲಿ ‘ಸಕ್ಸೆಸ್’, ಕೆಳಗೇ ‘ಲೋಡ್ ಇಮೇಜ್’. ತುಂಬ ಖುಷಿಯಾಯಿತು.

ಲೋಡ್ ಆಗದಿದ್ದರೆ ಹ್ಯಾಂಡಲ್ ಸೊನ್ನೆ ಬರುತ್ತದೆ. ಆಗ ‘ಎರ್ ಡಾಟ್ ಲಾಸ್ಟ್‌ಡಿಎಲ್‌ಎಲ್‌ಎರರ್’ ನೋಡಬೇಕು. 126 ಬಂದರೆ ಫೈಲ್ ಇಲ್ಲ, ಅಥವಾ ಅದರ ಜೊತೆ ಫೈಲ್ ಇಲ್ಲ. 193 ಬಂದರೆ 32 ಮತ್ತು 64 ಅದಲು ಬದಲಾಗಿದೆ. 127 ಬಂದರೆ ಫೈಲ್ ಸಿಕ್ಕಿದೆ, ಬೇಕಾದ ಫಂಕ್ಷನ್ ಅದರಲ್ಲಿಲ್ಲ, ಅಂದರೆ ತಪ್ಪು ಆವೃತ್ತಿ. ವಿಬಿಎಯ 53 ಇಷ್ಟು ಬಿಡಿಸಿ ಹೇಳುವುದಿಲ್ಲ. ಈ ಸಂಖ್ಯೆಯನ್ನು ಆಡ್-ಇನ್ ಒಂದು ಸಂದೇಶದಲ್ಲಿ ತೋರಿಸುವಂತೆ ಮಾಡಿದೆ. ಈಗ ಯಾರಾದರೂ ಫೋನ್ ಮಾಡಿದರೆ ‘ಎಷ್ಟು ನಂಬರ್ ಬಂತು’ ಅಂತ ಕೇಳಿದರೆ ಸಾಕು.

ಮೆಮೊರಿಯಲ್ಲಿರುವ ಹೆಸರನ್ನೇ ಕೊಡುತ್ತದೆ ಅನ್ನುವುದಕ್ಕೆ ಇನ್ನೊಂದು ಮುಖವಿದೆ. ಬೇರೆ ಆಡ್-ಇನ್ ಅದೇ ಹೆಸರಿನ ಡಿಎಲ್‌ಎಲ್ ಮೊದಲೇ ಲೋಡ್ ಮಾಡಿದ್ದರೆ ಬರೀ ಹೆಸರಿನಿಂದ ಕೇಳಿದಾಗ ನಮಗೆ ಸಿಗುವುದು ಅವರದು. ‘ಸ್ಟೀಮ್’ ಅಂತ ಸಾಮಾನ್ಯ ಹೆಸರು ಇಡಬಾರದು. ನಮ್ಮ ಫೈಲ್ ಹೆಸರಿನಲ್ಲಿ ಕಾರ್ಖಾನೆಯ ಸಂಕ್ಷಿಪ್ತ ಹೆಸರು, ಆವೃತ್ತಿ, 32 ಅಥವಾ 64 ಎಲ್ಲ ಸೇರಿಸಿದೆ. ತೂಕದ ಕಚೇರಿಯ ಯಂತ್ರಕ್ಕೂ ಇದರಿಂದ ಅನುಕೂಲವಾಯಿತು: ಎರಡೂ ಫೈಲ್ ಒಂದೇ ಫೋಲ್ಡರಿನಲ್ಲಿ ಇರುತ್ತವೆ, ವಿಬಿಎ ‘ವಿನ್64’ ನೋಡಿ ಬೇಕಾದ್ದನ್ನು ಎತ್ತಿಕೊಳ್ಳುತ್ತದೆ.

ಆದರೆ ಲಿಬ್‌ಎಸ್‌ಟಿಡಿಸಿ++ ಹೆಸರು ಬದಲಿಸುವಂತಿಲ್ಲವಲ್ಲ. ಅದಕ್ಕೆ ಉತ್ತಮ ಪರಿಹಾರ ಆ ಫೈಲುಗಳೇ ಬೇಡವಾಗುವಂತೆ ಮಾಡುವುದು. ಲಿಂಕ್ ಮಾಡುವಾಗ ‘ಸ್ಟ್ಯಾಟಿಕ್’ ಆಯ್ಕೆ ಕೊಟ್ಟರೆ ಆ ಮೂರೂ ನಮ್ಮ ಡಿಎಲ್‌ಎಲ್ ಒಳಗೇ ಸೇರುತ್ತವೆ. ಫೈಲ್ ಸ್ವಲ್ಪ ದೊಡ್ಡದಾಯಿತು, ಅಷ್ಟೇ. ಆಮೇಲೆ ಆಬ್ಜ್‌ಡಂಪ್ ಓಡಿಸಿ ಯಾವ ಡಿಎಲ್‌ಎಲ್ ಬೇಕು ಅಂತ ಪಟ್ಟಿ ತೆಗೆದೆ. ಉಳಿದದ್ದು ವಿಂಡೋಸ್‌ನ ಸ್ವಂತದ್ದು ಮಾತ್ರ. ಇಡಬೇಕಾದ ಫೈಲ್ ಕಡಿಮೆಯಾದಷ್ಟೂ ಎಲ್ಲಿಡಬೇಕು ಅನ್ನುವ ಚಿಂತೆ ಕಡಿಮೆ. ಸೋರ್ಸ್ ಕೈಯಲ್ಲಿದ್ದರೆ ಇದನ್ನೇ ಮೊದಲು ಮಾಡಿ.

ಮೀಟರ್ ಲೈಬ್ರರಿಗೆ ಇದು ಸಾಧ್ಯವಿಲ್ಲ. ಅದು ವಿಷುವಲ್ ಸಿ ಪ್ಲಸ್ ಪ್ಲಸ್‌ನಲ್ಲಿ ಆಗಿದ್ದು, ವಿಸಿರನ್‌ಟೈಮ್140 ಮತ್ತು ವಿಸಿರನ್‌ಟೈಮ್140_1 ಎರಡೂ ಬೇಕು ಅನ್ನುತ್ತದೆ. ಈ ‘_1’ ಇರುವುದು 64 ಬಿಟ್‌ನಲ್ಲಿ ಮಾತ್ರ, ವಿಷುವಲ್ ಸ್ಟುಡಿಯೋ 2019ರಿಂದ ಬಂದದ್ದು. ಹಳೆಯ ರೀಡಿಸ್ಟ್ರಿಬ್ಯೂಟಬಲ್ (ಈ ರನ್‌ಟೈಮ್ ಫೈಲುಗಳನ್ನು ಹಾಕುವ ಪ್ಯಾಕೇಜ್) ಹಾಕಿದ ಯಂತ್ರದಲ್ಲಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ‘ವಿಸಿ ರನ್‌ಟೈಮ್ ಹಾಕಿದ್ದೇವೆ’ ಅಂದರೂ 126 ಬರುವುದು ಇದಕ್ಕೇ. ಇವನ್ನು ಕೈಯಿಂದ ಕಾಪಿ ಮಾಡಲು ಹೋಗಬೇಡಿ. ಮೈಕ್ರೋಸಾಫ್ಟ್‌ನ ಹೊಸ ರೀಡಿಸ್ಟ್ರಿಬ್ಯೂಟಬಲ್ ಇನ್‌ಸ್ಟಾಲರ್ ಓಡಿಸಿ, ಅದು ಸಿಸ್ಟಂ32ರಲ್ಲಿ ಇಡುತ್ತದೆ, ಭದ್ರತಾ ಅಪ್‌ಡೇಟ್ ಕೂಡ ಅದೇ ದಾರಿಯಲ್ಲಿ ಬರುತ್ತದೆ. ಸಿಸ್ಟಂ32 ಇರುವುದು ಇಂಥವಕ್ಕೆ.

ಯಾವ ಫೋಲ್ಡರ್

ಒಂದೇ ಫೋಲ್ಡರ್ ಅಂದೆ. ಅದು ಎಲ್ಲಿ? ಒಬ್ಬರೇ ಬಳಸುವ ಯಂತ್ರವಾದರೆ ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್ ಒಳಗಿನ ಆಡ್‌ಇನ್ಸ್ ಫೋಲ್ಡರ್ ಸಾಕು. ಎಕ್ಸೆಲ್ ಅದನ್ನು ತನ್ನದೇ ಎಂದು ಗುರುತಿಸುತ್ತದೆ, ಅಲ್ಲಿ ಹಾಕಿದ ಎಕ್ಸ್‌ಎಲ್‌ಎಎಂ ಆಡ್-ಇನ್ಸ್ ಪಟ್ಟಿಯಲ್ಲಿ ತಾನೇ ಕಾಣುತ್ತದೆ. ಅಡ್ಮಿನ್ ಹಕ್ಕೂ ಬೇಡ.

ಆದರೆ ಒಂದು ಪ್ರಶ್ನೆಯ ಪೆಟ್ಟಿಗೆಯ ಬಗ್ಗೆ ಎಚ್ಚರ. ನೆಟ್‌ವರ್ಕ್ ಡ್ರೈವ್‌ನಲ್ಲಿರುವ ಎಕ್ಸ್‌ಎಲ್‌ಎಎಂ ಅನ್ನು ಬ್ರೌಸ್ ಮಾಡಿ ಆರಿಸಿದರೆ, ಇದನ್ನು ನಿಮ್ಮ ಆಡ್‌ಇನ್ಸ್ ಫೋಲ್ಡರಿಗೆ ಕಾಪಿ ಮಾಡಲೇ ಅಂತ ಎಕ್ಸೆಲ್ ಕೇಳುತ್ತದೆ. ಎಲ್ಲರೂ ‘ಎಸ್’ ಒತ್ತುತ್ತಾರೆ. ಕಾಪಿ ಆಗುವುದು ಎಕ್ಸ್‌ಎಲ್‌ಎಎಂ ಒಂದೇ. ಡಿಎಲ್‌ಎಲ್‌ಗಳು ನೆಟ್‌ವರ್ಕಿನಲ್ಲೇ ಉಳಿಯುತ್ತವೆ. ನಮ್ಮ ಕಚೇರಿಯ ಎಷ್ಟೋ ಯಂತ್ರಗಳಲ್ಲಿ ಆಗಿದ್ದದ್ದು ಇದೇ. ಹಾಗಾಗಿ ಬ್ರೌಸ್ ಮಾಡಿ ಆರಿಸಲು ಬಿಡದೆ, ಎಲ್ಲ ಫೈಲುಗಳನ್ನು ಒಟ್ಟಿಗೆ ಕಾಪಿ ಮಾಡುವ ಚಿಕ್ಕ ಬ್ಯಾಚ್ ಫೈಲ್ ಬರೆದುಕೊಟ್ಟೆ.

ಬಾಯ್ಲರ್ ಕಂಟ್ರೋಲ್ ರೂಮಿನಲ್ಲಿ ಇದೂ ಸಾಲಲಿಲ್ಲ. ಅಲ್ಲಿ ಒಂದೇ ಕಂಪ್ಯೂಟರ್, ಮೂರು ಪಾಳಿ. ಪಾಳಿ ಬದಲಾದಾಗ ಶಿಫ್ಟ್ ಎಂಜಿನಿಯರ್ ಬಂದು, ‘ಸರ, ನನ್ನ ಲಾಗಿನ್‌ದಾಗ ಬರ್ತೈತಿ, ಅವರ ಲಾಗಿನ್‌ದಾಗ ಬರವಲ್ದು ನೋಡ್ರಿ’ ಅಂದರು. ಬರುವುದಿಲ್ಲ, ಯಾಕೆಂದರೆ ಆಪ್‌ಡೇಟಾ ಒಬ್ಬೊಬ್ಬ ಯೂಸರಿಗೂ ಬೇರೆ ಬೇರೆ. ಹಂಚಿಕೊಂಡು ಬಳಸುವ ಯಂತ್ರಕ್ಕೆ ಸರಿಯಾದ ಜಾಗ ಪ್ರೋಗ್ರಾಂ ಫೈಲ್ಸ್ ಒಳಗೆ ನಮ್ಮದೇ ಹೆಸರಿನ ಒಂದು ಫೋಲ್ಡರ್. ಹಾಕಲು ಒಮ್ಮೆ ಅಡ್ಮಿನ್ ಬೇಕು, ಓದಲು ಎಲ್ಲರಿಗೂ ಸಾಧ್ಯ, ಬದಲಿಸಲು ಬೇರೆಯವರಿಗೆ ಆಗುವುದಿಲ್ಲ. ಟರ್ಬೈನಿನ ಲೆಕ್ಕ ಹಾಕುವ ಫೈಲನ್ನು ಯಾರೂ ಸುಮ್ನೆ ಮುಟ್ಟುವಂತೆ ಇರಬಾರದು, ಅಲ್ವಾ? ಆಡ್-ಇನ್ ಆನ್ ಆಗಿದೆಯೋ ಇಲ್ಲವೋ ಅನ್ನುವುದು ಮಾತ್ರ ಯೂಸರ್ ರಿಜಿಸ್ಟ್ರಿಯಲ್ಲಿ, ಎಕ್ಸೆಲ್ ಆಪ್ಷನ್ಸ್ ಕೆಳಗೆ ‘ಓಪನ್’ ಅನ್ನುವ ಹೆಸರಿನಲ್ಲಿ ಇರುತ್ತದೆ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಲಾಗಿನ್‌ನಲ್ಲಿ ಒಮ್ಮೆ ಟಿಕ್ ಹಾಕಬೇಕು.

ಒನ್‌ಡ್ರೈವ್ ಸಿಂಕ್ ಆಗುವ ಫೋಲ್ಡರಿನಲ್ಲಿ ಇಡಲೇಬೇಡಿ. ಅಲ್ಲಿಂದ ತೆರೆದ ಫೈಲಿಗೆ ‘ಥಿಸ್‌ವರ್ಕ್‌ಬುಕ್ ಡಾಟ್ ಪಾತ್’ ಡ್ರೈವ್ ವಿಳಾಸದ ಬದಲು ವೆಬ್ ವಿಳಾಸ ಕೊಡಬಹುದು. ಲೋಡ್‌ಲೈಬ್ರರಿಗೆ ವೆಬ್ ವಿಳಾಸ ಅರ್ಥವಾಗುವುದಿಲ್ಲ. ಡಾಕ್ಯುಮೆಂಟ್ಸ್ ಫೋಲ್ಡರ್ ಎಷ್ಟೋ ಕಡೆ ಒನ್‌ಡ್ರೈವ್ ಒಳಗೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಕನ್ನಡದಲ್ಲಿ ಯೂಸರ್ ಹೆಸರು

ಇದು ನಮ್ಮ ಕಡೆ ಬರುವ ತೊಂದರೆ, ಬೇರೆ ಯಾರೂ ಬರೆದಿಡುವುದಿಲ್ಲ. ಸ್ಟೋರ್ಸ್ ವಿಭಾಗದವರೊಬ್ಬರು ವಿಂಡೋಸ್ ಅಕೌಂಟಿಗೆ ತಮ್ಮ ಹೆಸರನ್ನು ಕನ್ನಡದಲ್ಲೇ ಕೊಟ್ಟಿದ್ದರು. ಯೂಸರ್ಸ್ ಒಳಗಿನ ಅವರ ಫೋಲ್ಡರಿನ ಹೆಸರೂ ಕನ್ನಡದಲ್ಲೇ ಆಯಿತು. ಅವರ ಯಂತ್ರದಲ್ಲಿ ಫೈಲುಗಳೆಲ್ಲ ಸರಿಯಾದ ಜಾಗದಲ್ಲಿದ್ದರೂ ಲೋಡ್ ಆಗಲಿಲ್ಲ.

ಕಾರಣ ವಿಬಿಎಯ ಹಳೆಯ ಅಭ್ಯಾಸ. ಡಿಕ್ಲೇರ್ ಮಾಡಿದ ಫಂಕ್ಷನ್‌ಗೆ ಸ್ಟ್ರಿಂಗ್ ಕೊಟ್ಟರೆ ಅದನ್ನು ಮೊದಲು ಆನ್ಸಿ ಕೋಡ್ ಪೇಜಿಗೆ, ಅಂದರೆ ಯೂನಿಕೋಡ್‌ಗಿಂತ ಹಿಂದಿನ ಅಕ್ಷರ ಪಟ್ಟಿಗೆ, ಬದಲಿಸುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್ ಪೇಜ್ ಇಲ್ಲವೇ ಇಲ್ಲ, ಇರುವುದು ಯೂನಿಕೋಡ್ ಮಾತ್ರ. ಹಾಗಾಗಿ ಹೆಸರಿನ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಲೋಡ್‌ಲೈಬ್ರರಿಗೆ ಹೋಗುತ್ತವೆ. ಅಂಥ ಫೋಲ್ಡರ್ ಎಲ್ಲಿಂದ ಬರಬೇಕು? ಪರಿಹಾರ ಸುಲಭ. ಫಂಕ್ಷನ್ ಹೆಸರಿನ ಕೊನೆಗೆ ‘ಡಬ್ಲ್ಯೂ’ ಇರುವ ಲೋಡ್‌ಲೈಬ್ರರಿಇಎಕ್ಸ್‌ಡಬ್ಲ್ಯೂ ಅನ್ನು ಡಿಕ್ಲೇರ್ ಮಾಡಿ, ವಿಳಾಸದ ಜಾಗಕ್ಕೆ ‘ಲಾಂಗ್‌ಪಿಟಿಆರ್’ ಬರೆದು, ಕರೆಯುವಾಗ ‘ಎಸ್‌ಟಿಆರ್‌ಪಿಟಿಆರ್’ ಕೊಟ್ಟೆ. ಆಗ ಬದಲಾವಣೆ ಆಗದೆ ಯೂನಿಕೋಡ್ ಹಾಗೇ ಹೋಗುತ್ತದೆ. ಫೈಲ್ ಇದೆಯೇ ಎಂದು ನೋಡಲು ವಿಬಿಎಯ ‘ಡಿರ್’ ಕೂಡ ಇದೇ ರೀತಿ ಎಡವುತ್ತದೆ, ಅದರ ಬದಲು ಫೈಲ್‌ಸಿಸ್ಟಂಆಬ್ಜೆಕ್ಟ್ ಬಳಸಬೇಕು. ಕೆಲಸ ಸಲೀಸಾಗಲು ಹೆಸರು ಇಂಗ್ಲಿಷಿಗೆ ಬದಲಿಸಿಕೊಳ್ಳಿ ಅಂತ ಅವರಿಗೆ ಹೇಳಲು ನನಗೆ ಮನಸ್ಸಿರಲಿಲ್ಲ. ಒಬ್ಬರು ತಮ್ಮ ಹೆಸರನ್ನು ತಮ್ಮ ಭಾಷೆಯಲ್ಲಿ ಬರೆದುಕೊಂಡರೆ ಸರಿ ಹೋಗಬೇಕಾದ್ದು ಕೋಡ್.

ಬೇರೆ ಬಗೆಯ ಆಡ್-ಇನ್ ಇದ್ದವರಿಗೆ ಒಂದು ಮಾತು. ಎಕ್ಸ್‌ಎಲ್‌ಎಲ್ ಆದರೆ ಅದೇ ಒಂದು ಡಿಎಲ್‌ಎಲ್. ಎಕ್ಸ್‌ಎಲ್‌ಗೆಟ್‌ನೇಮ್ ಕರೆದರೆ ತಾನೆಲ್ಲಿದ್ದೇನೆ ಅಂತ ಅದಕ್ಕೆ ತಿಳಿಯುತ್ತದೆ, ಎಕ್ಸ್‌ಎಲ್‌ಆಟೋಓಪನ್‌ನಲ್ಲಿ ಜೊತೆಯವನ್ನು ಲೋಡ್ ಮಾಡಬಹುದು. ಆದರೆ ಸಾಮಾನ್ಯವಾಗಿ ಲಿಂಕ್ ಮಾಡಿದ ಡಿಎಲ್‌ಎಲ್‌ಗಳು ನಮ್ಮ ಕೋಡ್‌ನ ಮೊದಲ ಸಾಲು ಓಡುವ ಮುಂಚೆಯೇ ಸಿಗಬೇಕು. ಅದಕ್ಕೆ ಲಿಂಕರಿನಲ್ಲಿ ‘ಡಿಲೇ ಲೋಡ್’ ಹಾಕಬೇಕು. ಡಿಎಲ್‌ಎಲ್ ಲೋಡ್ ಆಗುವಾಗ ತಾನೇ ಓಡುವ ಡಿಎಲ್‌ಎಲ್‌ಮೇನ್ ಒಳಗೆ ಲೋಡ್‌ಲೈಬ್ರರಿ ಕರೆಯಬೇಡಿ. ಡಾಟ್‌ನೆಟ್‌ನಲ್ಲಿ ಬರೆಯುವವರಿಗೆ ಎಕ್ಸೆಲ್-ಡಿಎನ್‌ಎ ಇದೆ, ಅದು ಜೊತೆಗಿನ ಅಸೆಂಬ್ಲಿಗಳನ್ನು ಎಕ್ಸ್‌ಎಲ್‌ಎಲ್ ಒಳಗೇ ಪ್ಯಾಕ್ ಮಾಡಿಬಿಡುತ್ತದೆ.

ಫೈಲುಗಳನ್ನು ಈಮೇಲಿನಲ್ಲಿ ಜಿಪ್ ಮಾಡಿ ಕಳಿಸಿದರೆ ವಿಂಡೋಸ್ ಅದಕ್ಕೆ ಇಂಟರ್ನೆಟ್‌ನಿಂದ ಬಂದದ್ದು ಎಂಬ ಗುರುತು ಹಾಕುತ್ತದೆ. ಬಿಚ್ಚಿದಾಗ ಒಳಗಿನ ಫೈಲುಗಳಿಗೂ ಅದು ಅಂಟುತ್ತದೆ, ಮ್ಯಾಕ್ರೋ ಓಡುವುದಿಲ್ಲ. ಬಿಚ್ಚುವ ಮುಂಚೆ ಜಿಪ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಟಿಕ್ ಮಾಡಿ. ನಿಮ್ಮ ಕಚೇರಿಯಲ್ಲೇ ಮಾಡಿದ ಫೈಲ್ ಎಂದು ಖಾತ್ರಿ ಇದ್ದರೆ ಮಾತ್ರ.

ಹಾಕಿದ ಮೇಲೆ ಪರೀಕ್ಷೆ ಮಾಡಲು ಐಎಫ್97 ದಾಖಲೆಯಲ್ಲೇ ಕೊಟ್ಟಿರುವ ಬೆಲೆಗಳನ್ನು ಬಳಸಿದೆ. 300 ಕೆಲ್ವಿನ್, 3 ಮೆಗಾಪಾಸ್ಕಲ್‌ಗೆ ಎಂಥಾಲ್ಪಿ ಕಿಲೋಗ್ರಾಂಗೆ 115.331273 ಕಿಲೋಜೂಲ್ ಬರಬೇಕು. 700 ಕೆಲ್ವಿನ್, 30 ಮೆಗಾಪಾಸ್ಕಲ್‌ಗೆ 2631.49474. ಒಂದು ಮೆಗಾಪಾಸ್ಕಲ್‌ನಲ್ಲಿ ನೀರು ಕುದಿಯುವ ಉಷ್ಣತೆ 453.035632 ಕೆಲ್ವಿನ್. ಆಡ್-ಇನ್‌ಗೆ ‘ಪರೀಕ್ಷೆ’ ಅನ್ನುವ ಒಂದು ಶೀಟ್ ಸೇರಿಸಿ ಇವನ್ನೆಲ್ಲ ಇಟ್ಟಿದ್ದೇನೆ. ಮೂರೂ ಹೊಂದಿದರೆ ಡಿಎಲ್‌ಎಲ್ ಸಿಕ್ಕಿದೆ, ಸರಿಯಾದ್ದೇ ಸಿಕ್ಕಿದೆ. ಪಾಳಿಯವರೇ ನೋಡಿಕೊಳ್ಳಬಹುದು.

ಹೊಸ ಆವೃತ್ತಿ ಹಾಕುವಾಗ ಎಕ್ಸೆಲ್ ಪೂರ್ತಿ ಮುಚ್ಚಿರಬೇಕು, ಟಾಸ್ಕ್ ಮ್ಯಾನೇಜರಿನಲ್ಲೂ ಇರಬಾರದು. ಲೋಡ್ ಆದ ಡಿಎಲ್‌ಎಲ್ ಮೇಲೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಬ್ಯಾಚ್ ಫೈಲ್ ಈಗ ಮೊದಲು ಎಕ್ಸೆಲ್ ಓಡುತ್ತಿದೆಯೇ ನೋಡುತ್ತದೆ, ಓಡುತ್ತಿದ್ದರೆ ಹೇಳಿ ನಿಲ್ಲುತ್ತದೆ. ಇಲ್ಲದಿದ್ದರೆ ಎಕ್ಸ್‌ಎಲ್‌ಎಎಂ ಮತ್ತು ಡಿಎಲ್‌ಎಲ್‌ಗಳನ್ನು ಒಟ್ಟಿಗೆ ಬದಲಿಸುತ್ತದೆ, ಹಳೆಯ ಆವೃತ್ತಿಯ ಡಿಎಲ್‌ಎಲ್ ಅನ್ನು ಅಳಿಸುತ್ತದೆ. ತೆಗೆಯಬೇಕಾದಾಗ ಆಡ್-ಇನ್ಸ್ ಪಟ್ಟಿಯಲ್ಲಿ ಟಿಕ್ ತೆಗೆದು, ಎಕ್ಸೆಲ್ ಮುಚ್ಚಿ, ಆ ಒಂದು ಫೋಲ್ಡರ್ ಅಳಿಸಿದರೆ ಆಯಿತು. ಸಿಸ್ಟಂ32ರಲ್ಲಿ, ಪಾತ್‌ನಲ್ಲಿ ನಮ್ಮ ಆಡ್-ಇನ್‌ನದ್ದೇನೂ ಉಳಿದಿರುವುದಿಲ್ಲ.